ಮೈದಾನದ ನಡುವೆ ಕೂತವನು

ಬಂಡೆ ಅಂತ ಅವನಿಗೆ ಹೆಸರಿಟ್ಟವನು ಕೋಚ್. ಅದೂ ಮೈದಾನದಲ್ಲಲ್ಲ, ಮೆಟ್ಟಿಲ ಮೇಲೆ. ಬಂಡೆ ಆಗ ಅಪ್ಪನ ಜೊತೆ ಮನೆ ಸಾಮಾನು ಸಾಗಿಸುವ ಕೆಲಸ ಮಾಡುತ್ತಿದ್ದ. ಕೋಚ್ ಆ ದಿನ ಮನೆ ಬದಲಾಯಿಸುತ್ತಿದ್ದ. ಮೆಟ್ಟಿಲ ತಿರುವಿನಲ್ಲಿ ಮೂರು ಬಾಗಿಲಿನ ಮರದ ಬೀರು ಸಿಕ್ಕಿಕೊಂಡಿತು, ಕೆಳಗೆ ಹಿಡಿದಿದ್ದ ಆಳಿನ ಕೈ ಜಾರಿತು. ಬಂಡೆ ಅಡಿಗೆ ನುಗ್ಗಿ ಬೆನ್ನು ಕೊಟ್ಟ. ಅಪ್ಪ ಹಗ್ಗ ಹುಡುಕಿ ತಂದು ಬಿಗಿಯುವ ತನಕ ಉಸಿರು ಕಟ್ಟಿ ಹಾಗೇ ನಿಂತಿದ್ದ. ಕೋಚ್ ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡಿ, "ಇದೇನು ಮನುಷ್ಯನೋ ಬಂಡೆಯೋ" ಅಂದ. ಆಮೇಲೆ ಕೆಳಗಿಳಿದು ಬಂದು ಕೇಳಿದ್ದು ಹೆಸರನ್ನಲ್ಲ.

"ಎಷ್ಟು ತೂಕ ಇದೀಯ?"

ಮುಂದೆ ಅವನ ಬದುಕಿನಲ್ಲಿ ಬಂದ ದೊಡ್ಡ ಮನುಷ್ಯರೆಲ್ಲ ಮೊದಲು ಕೇಳಿದ್ದು ಇದನ್ನೇ. ಹತ್ತು ವರ್ಷ ದೇಶದ ಪರವಾಗಿ ರಗ್ಬಿ ಆಡಿದವನನ್ನು ಸಂತೆಯ ಎತ್ತಿನ ಹಾಗೆ ಬೆನ್ನು ತಟ್ಟಿ, ಕತ್ತು ಹಿಸುಕಿ ನೋಡಿದವರೇ ಎಲ್ಲ. ಅದರ ಮೇಲೆ ಅವನಿಗೆ ಅಸಹ್ಯ ಹುಟ್ಟಲು ಬಹಳ ಕಾಲ ಹಿಡಿಯಿತು. ಹುಟ್ಟಿದ ಮೇಲೆ ಅದು ಮತ್ತೆ ಬಿಟ್ಟುಹೋಗಲಿಲ್ಲ.

ರಗ್ಬಿ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮೊಟ್ಟೆಯಾಕಾರದ ಚೆಂಡು. ಅದನ್ನು ಎದೆಗೆ ಅವಚಿಕೊಂಡು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಒತ್ತಬೇಕು, ಅದು ಟ್ರೈ. ಆಟ ಎಲ್ಲಾದರೂ ತಪ್ಪಿದರೆ ಮತ್ತೆ ಶುರು ಮಾಡಲು ಎರಡೂ ಕಡೆಯ ಗಟ್ಟಿ ಆಟಗಾರರು ಹೆಗಲಿಗೆ ಹೆಗಲು ಹೆಣೆದು, ಬಗ್ಗಿ, ಎದುರಿನವರ ತಲೆಗಳ ಸಂದಿಯಲ್ಲಿ ತಮ್ಮ ತಲೆ ತೂರಿಸಿ ತಳ್ಳಾಡುತ್ತಾರೆ. ಅದು ಸ್ಕ್ರಮ್. ಮುಂದಿನ ಸಾಲಿನಲ್ಲಿ ಮೂವರು. ನಡುವಿನವನು ಎರಡೂ ಕೈಯನ್ನು ಪಕ್ಕದವರ ಹೆಗಲ ಮೇಲೆ ಹಾಕಿ ಹೆಚ್ಚುಕಡಿಮೆ ಜೋತುಬಿದ್ದು, ನಡುವೆ ಉರುಳಿ ಬಂದ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆಯುತ್ತಾನೆ. ಪಕ್ಕದ ಇಬ್ಬರದು ಅವನನ್ನು ಹೊರುವ ಕೆಲಸ. ಅವನ ಕೈ ಖಾಲಿ ಇರುವುದಿಲ್ಲ, ಬಿದ್ದರೆ ಊರಲು ಏನೂ ಇಲ್ಲ. ಪಕ್ಕದವರು ಕೈಬಿಟ್ಟರೆ ಅವನ ಕತ್ತು ಹೋಯಿತು ಅಂತಲೇ ಲೆಕ್ಕ.

ಬಂಡೆ ಹೊರುವವನು. ನಡುವೆ ಜೋತುಬೀಳುವವನು ಕೊಕ್ಕೆ.

ಕೊಕ್ಕೆಯೂ ಸಾಮಾನು ಸಾಗಿಸುವ ಲಾರಿಯಿಂದಲೇ ಬಂದವನು. ಚುರುಕು, ಬಾಯಿ ಜೋರು, ಕಾಲಿನಲ್ಲೇ ಲಾರಿಯ ಹಿಂಬಾಗಿಲಿನ ಚಿಲಕ ತೆಗೆಯುತ್ತಿದ್ದ. ಬಂಡೆಯೇ ಅವನನ್ನು ಕೋಚಿನ ರಗ್ಬಿ ಕ್ಲಬ್ಬಿಗೆ ಕರೆದುಕೊಂಡು ಹೋದದ್ದು. ಆಮೇಲೆ ಕೊಕ್ಕೆಯ ಅಕ್ಕನನ್ನು ಬಂಡೆ ಮದುವೆಯಾದ. ಆಕೆ ನಗರದ ಬಸ್ಸು ಓಡಿಸುತ್ತಿದ್ದಳು. ಎಂಥ ಸಂದಿಯಲ್ಲೂ ಕನ್ನಡಿ ಸವರದ ಹಾಗೆ ಬಸ್ಸು ತಿರುಗಿಸುವವಳು, ಮಾತು ಕಡಿಮೆ. ಮದುವೆಯ ದಿನ ಕೊಕ್ಕೆ ಎಲ್ಲರ ಮುಂದೆ, "ಇವನ ಗಡ್ಡ ಎಷ್ಟು ಚುಚ್ಚುತ್ತೆ ಅಂತ ಅಕ್ಕನಿಗೆ ಇವತ್ತು ಗೊತ್ತಾಗುತ್ತೆ. ನಾನು ಮೂರು ವರ್ಷದಿಂದ ಕೆನ್ನೆಗೆ ಕೆನ್ನೆ ಕೊಟ್ಟು ಅನುಭವಿಸ್ತಾ ಇದೀನಿ" ಅಂದು ಎಲ್ಲರನ್ನೂ ನಗಿಸಿದ. ಆ ದಿನದಿಂದ ಮೈದಾನದಲ್ಲೂ ಭಾವ ಅಂತಲೇ ಕರೆದ. ಎದುರಾಳಿಗಳು ಅದೇನೋ ಗುಪ್ತ ಸೂಚನೆ ಅಂದುಕೊಂಡು ತಲೆ ಕೆಡಿಸಿಕೊಳ್ಳುತ್ತಿದ್ದರು.

ಇಬ್ಬರೂ ಒಟ್ಟಿಗೇ ದೇಶದ ತಂಡಕ್ಕೆ ಬಂದರು. ಕೋಚ್ ಕೂಡ ಇವರ ಬೆನ್ನ ಮೇಲೆ ಕಾಲಿಟ್ಟೇ ಕ್ಲಬ್ಬಿನಿಂದ ಮೇಲೆ ಹತ್ತಿ ದೇಶದ ತಂಡದ ಕೋಚ್ ಆದ.

ಮೊದಲ ವರ್ಷಗಳಲ್ಲಿ ಬಂಡೆಗೆ ಎಲ್ಲವೂ ಹೆಮ್ಮೆ. ಬಟ್ಟೆ ಬದಲಾಯಿಸುವ ಕೋಣೆಯ ವಾಸನೆ ಕೂಡ ಹೆಮ್ಮೆ. ನೋವಿನ ಎಣ್ಣೆ, ಒದ್ದೆ ಚರ್ಮ, ಮೂಲೆಯ ಬಕೆಟ್ಟಿನಲ್ಲಿ ಯಾರೋ ಭಯಕ್ಕೆ ಕಕ್ಕಿದ್ದು, ಬಿಸಿನೀರಿನ ಹಬೆಯಲ್ಲಿ ಎಲ್ಲ ಸೇರಿ ಬೇಯುವ ನಾತ. ಅವನ ಕಿವಿಗಳು ಉಜ್ಜಿ ಉಜ್ಜಿ ಊದಿಕೊಂಡು, ಯಾರೋ ಕೈಯಲ್ಲಿ ಹಿಂಡಿ ಎಸೆದ ಬ್ರೆಡ್ಡಿನ ಹಾಗಾದವು. ತಂಡದ ಡಾಕ್ಟರು ಪಂದ್ಯದ ಮರುದಿನ ಸೂಜಿ ಚುಚ್ಚಿ ಕಿವಿಯಿಂದ ಕಪ್ಪು ರಕ್ತ ಎಳೆಯುತ್ತಿದ್ದರು. ತೆಳ್ಳಗಿನ ಮನುಷ್ಯ, ಯಾವಾಗಲೂ ನಿಂಬೆಯ ಸುವಾಸನೆಯ ಒದ್ದೆ ಕಾಗದದಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಆ ನಿಂಬೆಯ ಪರಿಮಳ ಬಂದರೆ ಬಂಡೆಯ ಕಿವಿ ತಾನಾಗಿ ಬಿಸಿಯಾಗುತ್ತಿತ್ತು. ಮಂಡಿಗೂ ಸೂಜಿ, ಸೊಂಟಕ್ಕೂ ಸೂಜಿ, ಹೆಗಲಿಗೂ ಸೂಜಿ. ಸೂಜಿ ಬಿದ್ದ ಜಾಗ ತನ್ನದಲ್ಲ ಅನ್ನುವ ಹಾಗೆ ಮರಗಟ್ಟಿ, ಆಟ ಮುಗಿದ ಮೇಲೆ ಮತ್ತೆ ತನ್ನದಾಗುವಾಗ ಅವನು ಟವೆಲ್ಲು ಕಚ್ಚಿಕೊಂಡು ಗೋಡೆಗೆ ಒರಗುತ್ತಿದ್ದ.

ಪಂದ್ಯ ಗೆದ್ದ ಸಂಜೆ ಔತಣ. ರಗ್ಬಿ ಸಂಘದ ಅಧ್ಯಕ್ಷ ತನ್ನ ಅತಿಥಿಗಳನ್ನು ಬಂಡೆಯ ಹತ್ತಿರ ಕರೆತಂದು, ಮಾಂಸದ ಜಿಡ್ಡು ಆರದ ಬೆರಳುಗಳಿಂದಲೇ ಅವನ ಕತ್ತು ಹಿಡಿದು, "ಮುಟ್ಟಿ ನೋಡಿ, ನಾಚಿಕೆ ಬೇಡ" ಅನ್ನುತ್ತಿದ್ದ. ಅವರು ಮುಟ್ಟುತ್ತಿದ್ದರು. ಹೆಂಗಸರು ಕಿವಿ ನೋಡಿ ಮುಖ ಕಿವುಚಿ, ಆಮೇಲೆ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೆ ಬಂಡೆ ಕತ್ತಿಗೆ ಎರಡೆರಡು ಸಲ ಸೋಪು ಹಾಕಿ ತಿಕ್ಕುತ್ತಿದ್ದ.

"ಮೈದಾನದ ಕೆಸರು ಇಷ್ಟು ಉಜ್ಜಲ್ಲ ನೀನು" ಅಂದಳು ಹೆಂಡತಿ ಒಮ್ಮೆ.

"ಕೆಸರಿಗೆ ಜಿಡ್ಡಿಲ್ಲ" ಅಂದ ಅವನು.

ಆದರೂ ಆಡಿದ. ಬಾಮೈದ ಪಕ್ಕದಲ್ಲಿದ್ದ, ಅದು ಸಾಕಿತ್ತು.

ಪ್ರತಿ ವರ್ಷದ ಮೊದಲಿಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ಪರದೆಯ ಮೇಲೆ ಚಿತ್ರ ಬರುತ್ತದೆ, ಹೋಗುತ್ತದೆ, ನೆನಪಿಟ್ಟು ಹೇಳಬೇಕು. ಮುಂದೆ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಕಡಿಮೆ ಬಂದರೆ ಆಡಲು ಬಿಡುವುದಿಲ್ಲ. ಉಪಾಯ ಕಂಡುಹಿಡಿದವನು ಕೊಕ್ಕೆ.

"ಈಗಲೇ ಪೆದ್ದರ ಹಾಗೆ ಉತ್ತರ ಕೊಡ್ರೋ. ಆಮೇಲೆ ಪೆಟ್ಟು ಬಿದ್ದು ನಿಜವಾಗಿ ಪೆದ್ದರಾದರೂ ಪಾಸ್" ಅಂತ ಇಡೀ ತಂಡಕ್ಕೆ ಪಾಠ ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಂಡೆಯೂ ನಕ್ಕ. ಬೆಕ್ಕು ಬಂದರೆ ಕುದುರೆ ಅಂತ ಗುಂಡಿ ಒತ್ತಿದ. ಡಾಕ್ಟರು ಫಲಿತಾಂಶ ನೋಡಿ, "ಈ ವರ್ಷ ದೇಶಕ್ಕೆ ಒಳ್ಳೇ ಬುದ್ಧಿವಂತರು ಸಿಕ್ಕಿದಾರೆ" ಅಂದು ತಾವೂ ನಕ್ಕರು. ಅವರಿಗೂ ಗೊತ್ತಿತ್ತು. ಕೋಚಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುವುದಕ್ಕೇ ಅವರಿಗೆ ಸಂಬಳ.

ಕೊಕ್ಕೆಗೆ ಪೆಟ್ಟುಗಳು ಬಿದ್ದವು. ಮೊದಮೊದಲು ಲೆಕ್ಕಕ್ಕೇ ಬಾರದಂಥವು. ಒಂದು ಭಾನುವಾರ ಅವನು ಅಕ್ಕನ ಮನೆಗೆ ಊಟಕ್ಕೆ ಬಂದ. ಅತ್ತೆಯೂ ಇದ್ದಳು. ಅಳಿಯನ ಮನೆಯಲ್ಲೇ ಅವಳ ವಾಸ, ಮಗ ಊರೂರು ಸುತ್ತುವವನು ಅಂತ. ಕೊಕ್ಕೆ ಸೂಪು ಕುಡಿಯುತ್ತಾ, "ಅಕ್ಕ, ನಿನ್ನ ಬಸ್ಸಿನ ಬ್ರೇಕ್ ಸರಿ ಆಯ್ತಾ?" ಅಂತ ಕೇಳಿದ. ಅವಳು ಆಯಿತು ಅಂದಳು. ಬ್ರೆಡ್ಡು ಮುರಿಯುತ್ತಾ ಮತ್ತೆ ಕೇಳಿದ. ಅವಳು ಗಂಡನ ಮುಖ ನೋಡಿ, ಆಯಿತು ಅಂದಳು. ಕೈ ತೊಳೆದು ಬಂದು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ, ಅದೇ ದನಿಯಲ್ಲಿ, "ಅಕ್ಕ, ನಿನ್ನ ಬಸ್ಸಿನ ಬ್ರೇಕ್ ಸರಿ ಆಯ್ತಾ?" ಅಂದ.

ಅವನು ಹೋದ ಮೇಲೆ ಹೆಂಡತಿ ಪಾತ್ರೆ ತೊಳೆಯುತ್ತಾ, "ನೀನು ನೋಡಿದೆ ಅಲ್ವಾ?" ಅಂದಳು.

"ನೋಡಿದೆ."

ಅತ್ತೆ ಒಳಗಿನಿಂದ, "ಪಾಪ, ಸುಸ್ತು ಮಗುವಿಗೆ. ನಾಡಿದ್ದು ಅಷ್ಟು ದೊಡ್ಡ ಪಂದ್ಯ. ಅಳಿಯಂದಿರೇ, ಅವನ ತಲೆಗೆ ಇಲ್ಲದ್ದು ತುಂಬಬೇಡಿ" ಅಂದಳು. ಅತ್ತೆ ಅಳಿಯನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಬಯ್ಯುವಾಗಲೂ ಬಹುವಚನವೇ.

ಬಂಡೆ ಮರುದಿನ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದ. ಡಾಕ್ಟರು ಕೈ ಒರೆಸಿಕೊಂಡರು. "ಪರೀಕ್ಷೆಯಲ್ಲಿ ಪಾಸಾಗಿದ್ದಾನೆ."

"ಆ ಪರೀಕ್ಷೆ ಏನು ಅಂತ ನಿಮಗೂ ಗೊತ್ತು ಸರ್."

"ನನಗೇನು ಗೊತ್ತು?" ಅಂದರು ಡಾಕ್ಟರು, ನಿಜವಾಗಿಯೂ ಕುತೂಹಲದಿಂದ ಕೇಳುವವರ ಹಾಗೆ. ಹೇಳಿದರೆ ತಾನೂ ಒತ್ತಿದ ಗುಂಡಿಗಳನ್ನು ಹೇಳಬೇಕು, ಇಡೀ ತಂಡವನ್ನು ಹೇಳಬೇಕು. ಬಂಡೆ ಎದ್ದು ಬಂದ.

ಆ ದೊಡ್ಡ ಪಂದ್ಯ ಅವರ ದೇಶ ಎಂದೂ ಗೆಲ್ಲದ ಎದುರಾಳಿಯ ಜೊತೆ. ಮೈದಾನ ಕಿಕ್ಕಿರಿದಿತ್ತು. ಅರ್ಧ ಆಟ ಕಳೆದು ಇನ್ನಷ್ಟು ಹೊತ್ತಾಗಿತ್ತು, ಇವರು ಸ್ವಲ್ಪ ಹಿಂದಿದ್ದರು. ಓಡಿ ಬರುತ್ತಿದ್ದ ಎದುರಾಳಿಯೊಬ್ಬನನ್ನು ಕೆಡವಲು ಕೊಕ್ಕೆ ಅವನ ಕಾಲಿಗೆ ಎಗರಿದ. ಅವನ ಮಂಡಿ ಕೊಕ್ಕೆಯ ಕಪಾಲಕ್ಕೆ ಬಡಿದ ಸದ್ದು ಬಂಡೆಗೆ ಕೇಳಿಸಿತು. ಖಾಲಿ ಡಬ್ಬಿ ಮೆಟ್ಟಿದ ಹಾಗಿತ್ತು ಅದು. ಕೊಕ್ಕೆ ಬಿದ್ದಲ್ಲೇ ಬಿದ್ದ, ಒಂದು ಕೈ ಮಾತ್ರ ಗಾಳಿಯಲ್ಲಿ ಸೆಟೆದು ನಿಂತಿತ್ತು, ಯಾರನ್ನೋ ಕರೆಯುವ ಹಾಗೆ.

ಡಾಕ್ಟರು ಓಡಿ ಬಂದರು. ಏನೋ ಕೇಳಿದರು, ಮೂಗಿಗೆ ಏನೋ ಹಿಡಿದರು, ಕಿವಿಗೆ ಸಿಕ್ಕಿಸಿದ್ದ ಯಂತ್ರದಲ್ಲಿ ಕೋಚ್ ಹೇಳಿದ್ದನ್ನು ಕೇಳಿಸಿಕೊಂಡರು. ಕೊಕ್ಕೆ ಎದ್ದು ನಿಂತ. ಜನ ಹೋ ಅಂದರು. ಮುಂದೆ ಸ್ಕ್ರಮ್. ಕೊಕ್ಕೆ ನಡೆದು ಬಂದು ತನ್ನ ಜಾಗದಲ್ಲಿ ನಿಂತು ಬಂಡೆಯ ಹೆಗಲ ಮೇಲೆ ಕೈ ಹಾಕಿದ. ಎಂದಿನ ಹಿಡಿತವಲ್ಲ. ನಿದ್ದೆಗಣ್ಣಿನ ಮಗು ಅಪ್ಪನ ಕತ್ತಿಗೆ ಹಾಕುವ ಕೈ.

"ಭಾವ," ಅಂದ ಕಿವಿಯ ಹತ್ತಿರ. "ಅಕ್ಕನ್ನ ಲಾರೀಲಿ ಕೂರಿಸಿದ್ಯಾ? ಬೀರು ಇನ್ನೂ ಮೇಲೇ ಇದೆ."

ಬಂಡೆ ತಿರುಗಿ ನೋಡಿದ. ಕೊಕ್ಕೆಯ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಅವನ ಗಂಟಲು ಎರಡು ಸಲ ಏರಿಳಿಯಿತು, ಬಿಸಿಬಿಸಿ ವಾಂತಿ ಬಂಡೆಯ ತೋಳಿನ ಮೇಲೆ, ದೇಶದ ಅಂಗಿಯ ಮೇಲೆ ಬಿತ್ತು. ಕೊಕ್ಕೆ ಬಾಯಿ ಒರೆಸಿಕೊಂಡು, ನಾಚಿಕೆಯಿಂದ ನಕ್ಕು, ಮತ್ತೆ ಬಗ್ಗಿದ.

ಬಂಡೆ ಹೆಗಲು ಬಿಡಿಸಿಕೊಂಡು ಹಿಂದೆ ಸರಿದ.

"ನಾನು ಇವನ ಜೊತೆ ಸ್ಕ್ರಮ್ ಕಟ್ಟಲ್ಲ" ಅಂದ ರೆಫರಿಗೆ.

"ನಿನಗೆ ಗಾಯ ಆಗಿದೆಯಾ?"

"ನನಗೇನಾಗಿಲ್ಲ. ಇವನಿಗೆ ಆಗಿದೆ. ಆಚೆ ಕಳಿಸಿ."

ರೆಫರಿ ಡಾಕ್ಟರನ್ನು ಕರೆದ. ಡಾಕ್ಟರು ಗಡಿಗೆರೆಯ ಹತ್ತಿರ ಕೋಚಿನ ಮುಖ ನೋಡಿ, ಆಮೇಲೆ ಬಂದು, "ಬೆಳಿಗ್ಗೆಯಿಂದ ಹೊಟ್ಟೆ ಕೆಟ್ಟಿದೆ ಅವನಿಗೆ. ತಲೆ ನೋಡಿದೀನಿ, ಸರಿ ಇದೆ" ಅಂದರು. ರೆಫರಿ ಬಂಡೆಯ ಕಡೆ ತಿರುಗಿ ಕೈ ಚೆಲ್ಲಿದ. ತಂಡದ ನಾಯಕ ಬಂಡೆಯ ಅಂಗಿ ಹಿಡಿದು ಹೇಳಬಾರದ ಮಾತು ಹೇಳಿದ. ಕೊಕ್ಕೆಯೇ, "ಭಾವ, ಬಾ ಬಾ, ಹೊತ್ತಾಯ್ತು" ಅಂತ ಕೈ ಬೀಸಿದ.

ಬಂಡೆಗೆ ಇನ್ನೇನೂ ತೋಚಲಿಲ್ಲ. ಮೈದಾನದ ನಡುವೆ ಕೂತುಬಿಟ್ಟ. ಚಕ್ಕಳಮಕ್ಕಳ ಹಾಕಿ, ಚೆಂಡನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು. ಆಮೇಲೆ ಶುರುವಾದ ಕೂಗು ಮೇಲಿನ ಸಾಲಿನಿಂದ ಕೆಳಗಿಳಿದು ಬಂತು. ಯಾರೋ ಎಸೆದ ನೀರಿನ ಬಾಟಲಿ ಅವನ ಬೆನ್ನಿಗೆ ಬಡಿಯಿತು. ತೋಳಿನ ಮೇಲಿನ ವಾಂತಿ ಆರುತ್ತಿತ್ತು, ನಾತ ಹೊಡೆಯುತ್ತಿತ್ತು, ಅವನು ಒರೆಸಲಿಲ್ಲ. ಇಬ್ಬರಲ್ಲಿ ಒಬ್ಬನನ್ನು ಹೇಗೂ ಹೊರಗೆ ಕರೆಯಲೇಬೇಕು, ಕೊಕ್ಕೆಯನ್ನು ಕರೆಯುತ್ತಾರೆ ಅಂತ ಅವನ ಲೆಕ್ಕ.

ಕೋಚ್ ಕರೆದದ್ದು ಬಂಡೆಯನ್ನು.

ಅವನ ಜಾಗಕ್ಕೆ ಹೊಸಬನೊಬ್ಬ ಓಡಿ ಬಂದ. ಇಬ್ಬರು ಕಾವಲಿನವರು ಬಂಡೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಅವನು ಒಬ್ಬನೇ ಒಳಗಿನ ಕೋಣೆಯಲ್ಲಿ ಕೂತು ಗೋಡೆಯ ಟಿವಿಯಲ್ಲಿ ಉಳಿದ ಆಟ ನೋಡಿದ. ಆಟ ಮುಗಿಯುವ ಹೊತ್ತಿಗೆ ಕೊಕ್ಕೆ ಚೆಂಡು ಎದೆಗವಚಿಕೊಂಡು, ಮೂವರನ್ನು ಮೈಮೇಲೆ ಹೊತ್ತುಕೊಂಡೇ ಗೆರೆ ದಾಟಿದ. ಟ್ರೈ. ದೇಶ ಗೆದ್ದಿತು. ಗೋಡೆಯ ಆಚೆ ಮೈದಾನವೇ ಎದ್ದು ಕುಣಿಯುತ್ತಿದ್ದ ಸದ್ದು. ಟಿವಿಯಲ್ಲಿ ಕೊಕ್ಕೆಯ ಮುಖ ದೊಡ್ಡದಾಗಿ ಬಂತು. ಎಲ್ಲರೂ ಮೇಲೆ ಬಿದ್ದು ಮುದ್ದಾಡುತ್ತಿದ್ದರೆ ಅವನು, ಬಸ್ಸು ತಪ್ಪಿದವನ ಹಾಗೆ ಅತ್ತಿತ್ತ ನೋಡುತ್ತಿದ್ದ.

ಬಂಡೆ ಬಕೆಟ್ಟಿನ ಹತ್ತಿರ ಹೋಗಿ ಕಕ್ಕಿದ.

ಕೋಚ್ ಒಳಗೆ ಬಂದವನು ಕೂಗಾಡಲಿಲ್ಲ. ಗೆದ್ದಿದ್ದನಲ್ಲ. "ನೋಡಿದ್ಯಾ? ಅವನಿಗೆ ಏನಾಗಿತ್ತು?" ಅಂದ, ಅಷ್ಟೇ. ಗೆಲುವು ಎಲ್ಲವನ್ನೂ ತೊಳೆದುಬಿಟ್ಟಿತ್ತು, ಬಂಡೆಯ ತೋಳೊಂದನ್ನು ಬಿಟ್ಟು.

ಮರುದಿನದ ಪತ್ರಿಕೆಗಳು ಕೂತ ಬಂಡೆ ಅಂತ ಹೆಸರಿಟ್ಟವು. ಎದುರಾಳಿಯ ಮುಂದೆ ಸೋಲುತ್ತಿದ್ದವನು ಬಾಮೈದನ ನೆಪ ಹೂಡಿದ ಅಂತ ಒಬ್ಬ ಬರೆದ. ಕೊಕ್ಕೆ ಮೊದಲ ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದ, ಆಮೇಲೆ ಜನ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ತನ್ನ ಬದುಕಿನ ದೊಡ್ಡ ದಿನದಂದು ಭಾವ ತನ್ನನ್ನು ಮೈದಾನದಿಂದ ಹೊರಹಾಕಿಸಲು ನೋಡಿದ ಅನ್ನುವುದನ್ನು. ಅವನೇ ಮನೆಗೆ ಬಂದ. ಒಳಗೆ ಕಾಲಿಡಲಿಲ್ಲ.

"ಯಾಕೆ ಭಾವ?" ಅಂದ ಹೊಸಿಲ ಆಚೆ ನಿಂತು. "ನನ್ನ ಹೆಸರು ಬರುತ್ತೆ ಅಂತ ಹೊಟ್ಟೆ ಉರೀತಾ?"

"ನೀನು ನನ್ನ ಹತ್ತಿರ ಏನು ಕೇಳಿದೆ ಗೊತ್ತಾ ಆವತ್ತು? ನಿನ್ನ ಅಕ್ಕನ್ನ ಲಾರೀಲಿ—"

"ಸಾಕು. ಕಥೆ ಕಟ್ಟಬೇಡ. ನಾನು ಟ್ರೈ ಹೊಡೆದಿದೀನಿ ಕಣೋ. ತಲೆ ಕೆಟ್ಟವನು ಟ್ರೈ ಹೊಡೀತಾನಾ?"

ಭಾವ ಅನ್ನುವುದು ಅಲ್ಲಿಗೆ ನಿಂತಿತು. ಅತ್ತೆ ತನ್ನ ಪೆಟ್ಟಿಗೆ ಕಟ್ಟಿಕೊಂಡು ಮಗನ ಮನೆಗೆ ಹೊರಟಳು. ಹೋಗುವಾಗ, "ನೀವು ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಂಡಿದೀರಿ. ಆದರೆ ನನ್ನ ಮಗನ ಅನ್ನಕ್ಕೆ ಕೈ ಹಾಕಿದಿರಿ" ಅಂದಳು.

ಬಂಡೆಗೆ ಮತ್ತೆ ದೇಶದ ಕರೆ ಬರಲಿಲ್ಲ. ಕ್ಲಬ್ಬಿನವರೂ ಕ್ರಮೇಣ ಮುಖ ತಿರುಗಿಸಿದರು. ಅವನು ಅಪ್ಪನ ಲಾರಿಗೆ ವಾಪಸಾದ. ಜನರ ಮಂಚ, ಫ್ರಿಜ್ಜು, ಹಾಸಿಗೆಗಳನ್ನು ಹೊತ್ತ. ಖಾಲಿ ಮಾಡಿದ ಮನೆಗಳಲ್ಲಿ ಬೀರು ಸರಿಸಿದ ಮೇಲೆ ಅದರ ಹಿಂದೆ ಕಾಣುವ ಕೂದಲು, ಧೂಳು, ಜಿರಳೆಯ ರೆಕ್ಕೆಗಳನ್ನು ಗುಡಿಸಿ ಕೊಟ್ಟ. ಅದು ಅವನಿಗೆ ಅಸಹ್ಯವೆನಿಸಲಿಲ್ಲ. ಅದು ಮುಚ್ಚಿಡದ ಕೊಳೆ.

ಹೆಂಡತಿಯ ಬಸ್ಸಿನ ದಾರಿಯಲ್ಲಿ ದೊಡ್ಡ ಜಾಹೀರಾತು ಎದ್ದಿತು. ಅದರಲ್ಲಿ ಅವಳ ತಮ್ಮ ಯಾವುದೋ ಶಕ್ತಿಪಾನೀಯ ಹಿಡಿದು ನಗುತ್ತಿದ್ದ. ದಿನವೂ ಅದರ ಅಡಿಯಲ್ಲೇ ಬಸ್ಸು ತಿರುಗಿಸುತ್ತಿದ್ದಳು. ಒಂದು ಸಂಜೆ ಬೂಟು ಬಿಚ್ಚುತ್ತಾ, "ನೀನು ಮಾಡಿದ್ದು ಸರಿ. ನನ್ನಮ್ಮ ನನ್ನ ಮನೆಗೆ ಬರಲ್ಲ, ನನ್ನ ತಮ್ಮ ನನ್ನ ಫೋನು ಎತ್ತಲ್ಲ. ಸರಿ ಮಾಡಿದವನ ಹೆಂಡತಿ ಆಗಿರೋದು ಸುಲಭ ಅಂದ್ಕೋಬೇಡ" ಅಂದಳು. ಜಗಳದ ದನಿಯಲ್ಲಲ್ಲ. ಬಂಡೆ ಅವಳ ಬೂಟು ಎತ್ತಿ ಮೂಲೆಗಿಟ್ಟ.

ಕೊಕ್ಕೆ ಇನ್ನೂ ಎರಡು ವರ್ಷ ಆಡಿದ. ಆಮೇಲೆ ಆಟ ಬಿಟ್ಟ ಅಂತ ಸುದ್ದಿ ಬಂತು, ಕಾರಣ ಯಾರೂ ಬರೆಯಲಿಲ್ಲ.

ಒಂದು ಬೆಳಿಗ್ಗೆ ಬಂಡೆ ಲಾರಿಗೆ ಕಂಬಳಿ ತುಂಬುತ್ತಿದ್ದಾಗ ಯಾರೋ ಹಿಂಬಾಗಿಲಿನ ಚಿಲಕವನ್ನು ಕಾಲಿನಿಂದ ತೆಗೆದರು. ತಿರುಗಿದರೆ ಕೊಕ್ಕೆ.

"ಭಾವ, ಇವತ್ತು ಎಲ್ಲಿಗೆ?" ಅಂದ. "ಅಕ್ಕ ಎದ್ದಿದಾಳಾ? ಟೀ ಕುಡಿದು ಹೋಗೋಣ."

ಒಳಗೆ ಹೋಗಿ ತನ್ನ ಹಳೆಯ ಕುರ್ಚಿಯಲ್ಲೇ ಕೂತ. ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು, ಆಮೇಲೆ ಓಡಿ ಬಂದು ಅವನ ತಲೆ ತಬ್ಬಿಕೊಂಡು ಅತ್ತಳು. "ಮರೆತುಬಿಟ್ಯಾ ಎಲ್ಲಾನೂ?" ಅಂದಳು. ಕ್ಷಮಿಸಿದೆಯಾ ಅನ್ನುವ ಅರ್ಥದಲ್ಲಿ.

"ಏನನ್ನ?" ಅಂದ ಕೊಕ್ಕೆ.

ಬಂಡೆ ಟೀ ಲೋಟ ಕೆಳಗಿಟ್ಟ. ಬಾಮೈದನ ಮುಖ ತಿಳಿಯಾಗಿತ್ತು. ಹೊಸಿಲು ನೆನಪಿಲ್ಲ, ಹೊಟ್ಟೆ ಉರಿ ಅಂದದ್ದು ನೆನಪಿಲ್ಲ, ಇಷ್ಟು ವರ್ಷದ ಮೌನವೇ ನೆನಪಿಲ್ಲ. "ಆ ಪಂದ್ಯದಲ್ಲಿ ನೀನು ಪಕ್ಕದಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ದಕ್ಕೆ ಭಾವ, ನಾನು ಟ್ರೈ ಹೊಡೆದದ್ದು. ಎಲ್ಲರಿಗೂ ಅದನ್ನೇ ಹೇಳ್ತೀನಿ" ಅಂತ ಹೆಮ್ಮೆಯಿಂದ ಅಕ್ಕನ ಕಡೆ ನೋಡಿದ. ಅವಳ ಅಳು ನಿಂತಿತು. ಅವಳಿಗೂ ಅರ್ಥವಾಯಿತು.

ತಾನು ಕಾದು ಕೂತಿದ್ದ ರಾಜಿ ಹೀಗೆ ಬಂತಲ್ಲ ಅಂತ ಬಂಡೆಗೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚು ಹೇಸಿಗೆ ಅನಿಸಿದ್ದು ಬೇರೆ. ಭಾವ ಅಂತ ಕೇಳಿದ ಕೂಡಲೇ ತನ್ನ ಎದೆ ಹಗುರಾಗಿತ್ತು. ಅದು ಎಲ್ಲಿಂದ ಬಂದದ್ದು ಅಂತ ಗೊತ್ತಾದ ಮೇಲೂ ಹಗುರಾಗಿಯೇ ಇತ್ತು.

ಆ ಗೆಲುವಿನ ನೆನಪಿಗೆ ಸಂಘದವರು ಒಂದು ಮಧ್ಯಾಹ್ನದ ಸಮಾರಂಭ ಇಟ್ಟುಕೊಂಡರು. ಬಂಡೆಯನ್ನೂ ಕರೆದರು, ಹಳೆಯದು ಹಳೆಯದಾಯಿತು ಅಂತ. ಅವನಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ಕೊಕ್ಕೆ ಈಗ ಜನ ತುಂಬಿದ ಕೋಣೆಯಲ್ಲಿ ಒಬ್ಬನೇ ಇದ್ದರೆ ಬಾಗಿಲು ಯಾವ ಕಡೆ ಅಂತ ತಿಳಿಯದೆ ಬೆವರುತ್ತಿದ್ದ. ಆದ್ದರಿಂದ ಹೋದ.

ಅದೇ ಜಿಡ್ಡಿನ ಬೆರಳಿನ ಅಧ್ಯಕ್ಷ, ಇನ್ನಷ್ಟು ದಪ್ಪಗಾಗಿದ್ದ. ಅದೇ ಕೋಚ್. ದೊಡ್ಡ ಪರದೆಯ ಮೇಲೆ ಪಂದ್ಯ ತೋರಿಸಿದರು. ಬಂಡೆ ಕೂತ ಭಾಗ ಅದರಲ್ಲಿ ಇರಲಿಲ್ಲ. ಮಂಡಿ ಬಡಿದದ್ದೂ ಇರಲಿಲ್ಲ. ಟ್ರೈ ಬಂದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಕೊಕ್ಕೆಯೂ ತಟ್ಟಿದ. ಬಂಡೆಯ ಕಡೆ ಬಗ್ಗಿ, "ಯಾರೋ ಅವನು? ಚೆನ್ನಾಗಿ ನುಗ್ಗಿದ" ಅಂದ.

ಆಮೇಲೆ ಕೊಕ್ಕೆಯನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು. ಅವನು ಮೈಕು ನೋಡಿದ, ಜನರನ್ನು ನೋಡಿದ. "ಎಲ್ಲರಿಗೂ ನಮಸ್ಕಾರ. ಬೀರು ಇಳಿಸೋದು ಅಂದ್ರೆ, ಮೊದಲು ಬಾಗಿಲು ಕಳಚಬೇಕು" ಅಂದ. ಜನ ನಕ್ಕರು. ಅವನು ಮೊದಲಿನಿಂದಲೂ ತಮಾಷೆಗಾರ ಅಂತ ಎಲ್ಲರಿಗೂ ಗೊತ್ತಿತ್ತು. ನಗುವು ನಿಲ್ಲಲಿ ಅಂತ ಕಾದು, "ಬಾಗಿಲು..." ಅಂತ ಮತ್ತೆ ಶುರುಮಾಡಿ, ಮುಂದಿನದು ಸಿಗದೆ ನಿಂತ. ಜನ ಇನ್ನೂ ಜೋರಾಗಿ ನಕ್ಕರು. ಕೋಚ್ ಕಣ್ಣೊರೆಸಿಕೊಂಡು ನಗುತ್ತಿದ್ದ. ಮುಂದಿನ ಸಾಲಿನಲ್ಲಿ ಡಾಕ್ಟರೊಬ್ಬರೇ ನಗದೆ ತಮ್ಮ ಕೈ ಒರೆಸಿಕೊಳ್ಳುತ್ತಿದ್ದರು.

ಬಂಡೆ ವೇದಿಕೆ ಹತ್ತಿ ಕೊಕ್ಕೆಯ ಕೈಯಿಂದ ಮೈಕು ತೆಗೆದುಕೊಂಡ. "ಇವನು ತಮಾಷೆ ಮಾಡ್ತಾ ಇಲ್ಲ" ಅಂದ ಅದರಲ್ಲಿ. "ಇವನಿಗೆ ನೆನಪಾಗ್ತಾ ಇಲ್ಲ. ಆವತ್ತಿನ ಆಟ ಇವನಿಗೆ ಗೊತ್ತೇ ಇಲ್ಲ. ನೀವು ಚಪ್ಪಾಳೆ ತಟ್ಟಿದ್ದು ಪ್ರಜ್ಞೆ ಇಲ್ಲದವನಿಗೆ."

ಅಧ್ಯಕ್ಷ ಮೈಕಿಗೆ ಕೈ ಚಾಚಿದ. ಬಂಡೆ ಅದನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಬಾಮೈದನ ಹೆಗಲು ಬಳಸಿ ಕೆಳಗಿಳಿಸಿದ. ಬಾಗಿಲ ಹತ್ತಿರ ಕೋಚ್, "ಇನ್ನೂ ನಾಟಕ ಬಿಟ್ಟಿಲ್ವಾ ನೀನು?" ಅಂದ. ಡಾಕ್ಟರು ಹಿಂದೆಯೇ ಬಂದು, ಯಾರಿಗೂ ಕೇಳದ ಹಾಗೆ, "ಪರೀಕ್ಷೆಯಲ್ಲಿ ನೀವೆಲ್ಲ ಬೇಕಂತಲೇ ತಪ್ಪು ಉತ್ತರ ಕೊಟ್ರಿ. ನಾನೇನು ಮಾಡಲಿ?" ಅಂದು ಕೈ ಮುಂದೆ ಮಾಡಿದರು. ನಿಂಬೆಯ ವಾಸನೆ ಬಂತು.

"ಹೌದು, ನಾನೂ ಕೊಟ್ಟೆ. ಅದು ನಿಮಗೂ ಆವತ್ತೇ ಗೊತ್ತಿತ್ತು" ಅಂದ ಬಂಡೆ. ಅವರ ಕೈ ಮುಟ್ಟಲಿಲ್ಲ.

ಆ ಮಾತು ಒಂದೆರಡು ಪತ್ರಿಕೆಗಳಲ್ಲಿ ಬಂತು. ಸಂಘದವರು ವಿಷಾದವಿದೆ ಅಂದರು, ತನಿಖೆ ಅಂದರು, ಆಮೇಲೆ ಬೇರೆ ಪಂದ್ಯಗಳು ಬಂದವು. ಕೋಚ್ ಇನ್ನೂ ಕೋಚೇ. ಕೊಕ್ಕೆ ಈಗ ಬಂಡೆಯ ಲಾರಿಯಲ್ಲೇ ಹೋಗುತ್ತಾನೆ. ಹಗ್ಗ ಬಿಗಿಯುವುದು, ಭಾರ ಹಿಡಿಯುವುದು ಅವನ ಕೈಗಳು ಮರೆತಿಲ್ಲ. ಯಾವ ಬೀದಿ, ಯಾವ ಮಹಡಿ ಅನ್ನುವುದನ್ನು ಮಾತ್ರ ಬಂಡೆ ಮತ್ತೆ ಮತ್ತೆ ಹೇಳಬೇಕು. ಹೇಳುತ್ತಾನೆ.

ಮಗನನ್ನು ಒಬ್ಬಳೇ ನೋಡಿಕೊಳ್ಳಲಾಗದೆ ಅತ್ತೆ ಅವನನ್ನೂ ಕರೆದುಕೊಂಡು ವಾಪಸು ಬಂದಳು. ಬಂದು ವಾರದವರೆಗೆ ಅಳಿಯನ ಎದುರು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಕೊಕ್ಕೆ ಒಳಗೆ ಮಲಗಿದ್ದಾಗ, ಬಂಡೆ ಮೇಜಿನ ಹತ್ತಿರ ಮೊಟ್ಟೆ ಸುಲಿಯುತ್ತಿದ್ದಾಗ, ಎದುರು ಬಂದು ಕೂತಳು. ಅವಳು ಕ್ಷಮೆ ಕೇಳುತ್ತಾಳೆ ಅಂದುಕೊಂಡು ಬಂಡೆ ಮುಜುಗರದಿಂದ ತಲೆ ತಗ್ಗಿಸಿದ.

"ಆವತ್ತು ಬರೀ ಕೂತುಬಿಟ್ಟೆಯಲ್ಲ ನೀನು" ಅಂದಳು ಅತ್ತೆ. "ಅಷ್ಟು ದೊಡ್ಡ ಮೈ ಇಟ್ಕೊಂಡು. ಅವನನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡು ಆಚೆ ಬರೋಕೆ ಆಗ್ತಿರಲಿಲ್ವಾ?"

ಬಂಡೆಗೆ ಮೈಯೆಲ್ಲ ಉರಿದುಹೋಯಿತು. ಅಂದಿನ ಕೂಗು, ಬಾಟಲಿ, ಪೆಟ್ಟಿಗೆ ಕಟ್ಟಿದ್ದು, ಮಗನ ಅನ್ನ ಅಂದದ್ದು, ಎಲ್ಲ ಗಂಟಲ ತನಕ ಬಂತು. ಈ ಜನರ ನಾಲಿಗೆಗೆ ಎಲುಬೇ ಇಲ್ಲವಲ್ಲ ಅಂತ ಹೇಸಿಗೆಯಾಯಿತು. ತಲೆ ಎತ್ತಿ ಅವಳನ್ನು ನೋಡಿದ. ಅವಳು ನಿಜವಾಗಿಯೂ ಉತ್ತರಕ್ಕಾಗಿ ಕಾದಿದ್ದಳು. ಕಾಯುತ್ತಲೇ ಒಮ್ಮೆ ಮಗ ಮಲಗಿದ್ದ ಕೋಣೆಯ ಕಡೆ ನೋಡಿದಳು.

"ಆಗ್ತಿತ್ತು" ಅಂದ ಬಂಡೆ. "ಹೊಳೀಲಿಲ್ಲ ಅತ್ತೆ."

ಅವಳು ತಟ್ಟೆಯಿಂದ ಒಂದು ಮೊಟ್ಟೆ ತೆಗೆದುಕೊಂಡು ತಾನೂ ಸುಲಿಯತೊಡಗಿದಳು. ಒಳಗಿನಿಂದ ಕೊಕ್ಕೆ ಎದ್ದು, ಇವತ್ತು ಎಲ್ಲಿಗೆ ಭಾವ ಅಂತ ಕೂಗಿದ. ಬೆಳಗಿನ ಕೆಲಸ ಮುಗಿಸಿಯೇ ಬಂದಿದ್ದರು ಅವರು. ಅದನ್ನೇ ಹೇಳಿ, ಊಟಕ್ಕೆ ಬಾ ಅಂದ ಬಂಡೆ.